ತೊಳೆದ ಬೋಗಿ

ನನಗೆ ಹೇಸಿಗೆ ಹೆಚ್ಚು. ಚಿಕ್ಕಂದಿನಿಂದಲೂ ಹಾಗೆ. ಇನ್ನೊಬ್ಬರ ಎಂಜಲು ಲೋಟ, ಒದ್ದೆ ಕಾಲೊರೆಸು, ಸೋಪಿಗೆ ಅಂಟಿದ ಕೂದಲು, ಇವನ್ನು ಕಂಡರೆ ಹೊಟ್ಟೆಯಲ್ಲಿದ್ದದ್ದು ಗಂಟಲಿಗೆ ಬಂದ ಹಾಗಾಗುತ್ತದೆ. ಅಂಥವಳ ಪಾಲಿಗೆ ಬಂದದ್ದು ಕಡೂರಿನಲ್ಲಿ ಮನೆ, ಅಜ್ಜಂಪುರದ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್ ಕೆಲಸ, ಎರಡರ ನಡುವೆ ದಿನಾ ಪ್ಯಾಸೆಂಜರ್ ರೈಲು.

ಆ ರೈಲಿನಲ್ಲಿ ಕಂಡದ್ದನ್ನೆಲ್ಲ ಬರೆದರೆ ಓದುವವರು ಊಟ ಬಿಟ್ಟಾರು. ಕಿಟಕಿಯ ಸರಳಿನ ಕೆಳಗೆ ಒಣಗಿ ಗೆರೆಯಾದ ವಾಂತಿ. ಕೈ ತೊಳೆಯುವ ಬೇಸಿನ್ನಿನಲ್ಲಿ ಯಾರದೋ ಟಿಫನ್ ಡಬ್ಬಿಯ ಅನ್ನ, ಅದರ ಮೇಲೆ ಇನ್ಯಾರೋ ಉಗಿದ ಎಲೆಅಡಿಕೆ. ಹಳೆಯ ಬೋಗಿಗಳ ಕಕ್ಕಸಿನ ಕೊಳವೆ ನೇರ ಹಳಿಗೇ ಬಾಯಿ ಬಿಟ್ಟಿರುತ್ತಿತ್ತು. ಗಾಡಿ ನಿಂತಾಗ ಬಳಸಬೇಡಿ ಎಂದು ಬೋರ್ಡು ಹಾಕಿದ್ದರೂ ಜನ ನಿಂತಾಗಲೇ ಹೋಗುತ್ತಿದ್ದರು. ನಾನು ಕರ್ಚೀಫಿನಿಂದ ಸೀಟು ಒರೆಸಿ, ಆ ಕರ್ಚೀಫನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಕಟ್ಟಿ, ಸೆರಗನ್ನು ಮೂಗಿಗೆ ಒತ್ತಿ ಕೂರುತ್ತಿದ್ದೆ. ಜೊತೆಗೆ ಬರುವ ಟೀಚರುಗಳು ನಗುತ್ತಿದ್ದರು.

ಪುಟ್ಟ ರೈಲುಡಬ್ಬಿ ಮಾಡುವ ಹುಚ್ಚು ಹತ್ತಿದ್ದು ಕೊರೊನಾ ಕಾಲದಲ್ಲಿ, ಶಾಲೆ ಮುಚ್ಚಿದಾಗ. ಹೊರದೇಶದವರು ಮಾಡಿದ ಗೂಡ್ಸ್ ಡಬ್ಬಿಗಳನ್ನು ಫೋನಿನಲ್ಲಿ ನೋಡಿದೆ. ಅಂಗೈಯಷ್ಟು ಉದ್ದದ ಡಬ್ಬಿಯ ಮೇಲೆ ತುಕ್ಕು, ಮಸಿ, ಮಳೆನೀರು ಇಳಿದ ಗೆರೆ. ಹೊಸದಾಗಿ ಮಾಡಿದ್ದನ್ನು ತಿಂಗಳುಗಟ್ಟಲೆ ಕೂತು ಹಳೆಯದು ಮಾಡುತ್ತಾರೆ. ಕೈಯಲ್ಲಿ ಬ್ರಷ್ ಇತ್ತು, ಮನೆಯಲ್ಲಿ ಬಿಡುವಿತ್ತು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ನಾನೂ ಒಂದು ಗೂಡ್ಸ್ ಡಬ್ಬಿ ಮಾಡಿದೆ. ಮೈತುಂಬ ಕಂದು ಬಣ್ಣ ಮೆತ್ತಿ ತುಕ್ಕು ಎಂದುಕೊಂಡೆ.

ಶಾಲೆ ಮತ್ತೆ ಶುರುವಾದ ಮೇಲೆ, ಬೀರೂರಿನಲ್ಲಿ ಹತ್ತುತ್ತಿದ್ದ ಒಬ್ಬ ವಯಸ್ಸಾದ ಸಾಹೇಬರಿಗೆ ಅದರ ಫೋಟೋ ತೋರಿಸಿದೆ. ಅವರು ರೈಲ್ವೆಯಲ್ಲಿ ಡಬ್ಬಿ ಪರೀಕ್ಷೆ ಮಾಡುವ ಕೆಲಸದಿಂದ ರಿಟೈರಾದವರು. ಕನ್ನಡಕ ಮೇಲೆತ್ತಿ ನೋಡಿ, "ಟೀಚರ್, ತುಕ್ಕು ಒಂದೇ ಸಮ ಹಿಡಿಯಲ್ಲ. ನೀರು ಎಲ್ಲಿ ನಿಲ್ತದೋ ಅಲ್ಲಿ ಶುರುವಾಗ್ತದೆ. ಬಾಗಿಲ ಕೀಲು ನೋಡಿ, ರಿವೆಟ್ ಕೆಳಗೆ ನೋಡಿ. ಮಿಕ್ಕಿದ್ದು ಸುಮ್ನೆ ಬಿಡಿ" ಅಂದರು.

ಅಂದಿನಿಂದ ನೋಡುವುದು ಕಲಿತೆ. ಆಮೇಲೆ ಮಾಡಿದ ಎರಡು ಡಬ್ಬಿಗಳನ್ನು ಅವರೇ ಒಪ್ಪಿದರು. ನಾಲ್ಕನೆಯದಾಗಿ ನಾನು ಹಿಡಿದದ್ದು ಪ್ಯಾಸೆಂಜರ್ ಬೋಗಿ. ನೀಲಿ ಬಣ್ಣದ ಹಳೆಯ ಜನರಲ್ ಬೋಗಿ, ನಾನು ಇಷ್ಟು ವರ್ಷ ಮೂಗು ಮುಚ್ಚಿಕೊಂಡು ಕೂತದ್ದೇ.

ಒಂದು ಗೇಣಿಗಿಂತ ಸ್ವಲ್ಪ ಉದ್ದ. ಕಿಟಕಿಯ ಸರಳಿಗೆ ಹಳೆ ಚಾರ್ಜರಿನ ತಾಮ್ರದ ಎಳೆ. ಚಕ್ರಕ್ಕೆ, ಬ್ರೇಕ್ ಹಾಕಿದಾಗ ಹಾರುವ ಕಬ್ಬಿಣದ ಪುಡಿಯ ಬಣ್ಣ. ಅಜ್ಜಂಪುರ ಸ್ಟೇಷನ್ನಿನ ಹೊರಗಿನ ಮಣ್ಣನ್ನು ತಂದು, ಒಣಗಿಸಿ, ಪಂಚೆಯ ಬಟ್ಟೆಯಲ್ಲಿ ಸೋಸಿ, ಆ ಧೂಳನ್ನು ಮೆಟ್ಟಿಲ ಮೇಲೆ ಉದುರಿಸಿದೆ. ಎಲೆಅಡಿಕೆ ಉಗಿದ ಕಲೆಗೆ ಯಾವ ಬಣ್ಣವೂ ಸರಿಹೋಗಲಿಲ್ಲ. ಕೊನೆಗೆ ಎಲೆಗೆ ಹಾಕುವ ಕಾಚನ್ನೇ ಅರೆದು ಗೋಂದಿನಲ್ಲಿ ಕಲಸಿದೆ. ಕಿಟಕಿಯ ಕೆಳಗಿನ ವಾಂತಿಯ ಗೆರೆಯನ್ನು ಟರ್ಪೆಂಟೈನಿನಲ್ಲಿ ತೇವ ಮಾಡಿದ ಬ್ರಷ್ಷಿನಿಂದ ಕೆಳಗೆ ಎಳೆದೆ. ಎರಡು ಕಿಟಕಿ ದಾಟುವಷ್ಟರಲ್ಲಿ ಅದು ಗಾಳಿಗೆ ಹಿಂದಕ್ಕೆ ಬಾಗಬೇಕು. ಕೊನೆಗೆ ಕಕ್ಕಸಿನ ಕೊಳವೆ. ಅದಕ್ಕೇ ಮೂರು ವಾರ ಹಿಡಿಯಿತು. ಹಳದಿ, ಕಂದು, ಒಂದಿಷ್ಟು ಹಸಿರು.

"ಊಟ ಮಾಡೋ ಟೇಬಲ್ ಮೇಲೆ ಕಕ್ಕಸು ಬಳೀತಾ ಕೂತಿದ್ದೀಯಲ್ಲೇ!" ಅಂದರು ಮನೆಯವರು. ತಟ್ಟೆ ಎತ್ತಿಕೊಂಡು ಟೀವಿ ಮುಂದೆ ಹೋದರು.

ಆಶ್ಚರ್ಯವೆಂದರೆ ಬಳಿಯುವಾಗ ನನಗೆ ಹೇಸಿಗೆಯೇ ಆಗುತ್ತಿರಲಿಲ್ಲ. ರೈಲಿನಲ್ಲಿ ಕಣ್ಣೆತ್ತಿ ನೋಡಲಾಗದ್ದನ್ನು ಭೂತಗನ್ನಡಿಯ ಕೆಳಗೆ ಗಂಟೆಗಟ್ಟಲೆ ನೋಡುತ್ತಿದ್ದೆ. ಕಲೆ ಸರಿಯಾಗಿ ಕೂತರೆ ಖುಷಿಯಾಗುತ್ತಿತ್ತು. ನನ್ನ ಹೇಸಿಗೆಯನ್ನು ಗೆದ್ದೆ ಅಂತಲೇ ನಂಬಿದ್ದೆ.

ತರೀಕೆರೆಯಲ್ಲಿ ಒಂದು ಕಲಾಸಂಘ ಕರಕುಶಲ ವಸ್ತುಗಳ ಪ್ರದರ್ಶನ ಇಟ್ಟಿತ್ತು. ಅದರ ಕಾರ್ಯದರ್ಶಿಗೆ ಯಾರೋ ನನ್ನ ವಿಷಯ ಹೇಳಿ, ಆತ ಫೋನ್ ಮಾಡಿದ. "ಟೀಚರ್, ನಿಮ್ಮ ಟ್ರೈನು ನಮಗೆ ಬೇಕೇ ಬೇಕು. ಮಧ್ಯದ ಟೇಬಲ್ ನಿಮಗೇ." ಶುಕ್ರವಾರ ಮಧ್ಯಾಹ್ನ ಬೋಗಿಯನ್ನು ಹತ್ತಿಯಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಹಿಡಿದು ಒಯ್ದು ಕೊಟ್ಟೆ. ಕಾರ್ಯದರ್ಶಿ ಪ್ರದರ್ಶನ ನಡೆಯುವ ಕಲ್ಯಾಣಮಂಟಪದ ಬಾಗಿಲಲ್ಲೇ ಇದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು, ಮೈಗೆ ಹೊಡೆದುಕೊಂಡ ಸೆಂಟು. ಡಬ್ಬಿ ತೆರೆದು ನೋಡಿದವನ ಮುಖ ಹುಳ್ಳಗಾಯಿತು. "ಓ... ಇದು ಇನ್ನೂ ಪೂರ್ತಿ ಆಗಿಲ್ವಾ?" ಅಂದ. ಪೂರ್ತಿಯಾಗಿದೆ, ಹೀಗೇ ಇರಬೇಕು, ಯಾರೂ ಮುಟ್ಟಬಾರದು ಎಂದು ಬಿಡಿಸಿ ಹೇಳಿದೆ. ತಲೆ ಆಡಿಸಿದ.

ಶನಿವಾರ ಬೆಳಿಗ್ಗೆ ಹೋದರೆ ಮಧ್ಯದ ಟೇಬಲ್ಲಿಗೆ ಜರಿಯ ಬಟ್ಟೆ ಹಾಸಿದ್ದರು. ಅದರ ಮೇಲೆ ಹೊಳೆಹೊಳೆಯುವ ನೀಲಿ ಮುದ್ದೆಯೊಂದು. ನನ್ನ ಬೋಗಿ ಎಂದು ಗುರುತು ಹತ್ತಲು ಒಂದು ಗಳಿಗೆ ಬೇಕಾಯಿತು. ಯಾವುದೋ ಗ್ಯಾರೇಜಿನಲ್ಲಿ ಸ್ಪ್ರೇ ಹೊಡೆಸಿದ್ದರು, ಸ್ಕೂಟರಿಗೆ ಹೊಡೆಯುವ ಬಣ್ಣ. ಸರಳುಗಳ ನಡುವೆ ಬಣ್ಣ ಕಟ್ಟಿಕೊಂಡು ಕಿಟಕಿಗಳೆಲ್ಲ ಮುಚ್ಚಿದ್ದವು. ಒಂದು ಬದಿಯ ಪ್ಲಾಸ್ಟಿಕ್ ಥಿನ್ನರಿಗೆ ಕರಗಿ, ಸುಟ್ಟ ಗಾಯದ ಚರ್ಮದಂತೆ ಸುಕ್ಕುಗಟ್ಟಿತ್ತು. ಮೇಲೊಂದು ಪ್ಲಾಸ್ಟಿಕ್ ಹೂವಿನ ಹಾರ. ಕೆಳಗೆ ಚೀಟಿ: ನಮ್ಮ ಹೆಮ್ಮೆ.

ಅದನ್ನು ಕಂಡಾಗ ಬಂದ ಓಕರಿಕೆ ಯಾವ ರೈಲಿನಲ್ಲೂ ಬಂದಿರಲಿಲ್ಲ.

"ಏನ್ರೀ ಮಾಡಿದ್ದು ಇದು?" ಅಂದೆ.

"ಟೀಚರ್, ಕೋಪ ಮಾಡ್ಕೋಬೇಡಿ. ಹನ್ನೊಂದು ಗಂಟೆಗೆ ಗಣ್ಯರು ಬರ್ತಾರೆ. ಅಷ್ಟು ಗಲೀಜು ಇಟ್ಕೊಂಡು ಮಧ್ಯದ ಟೇಬಲ್ ಮೇಲೆ ಹೇಗೆ ಇಡೋದು? ಸ್ವಲ್ಪ ಕ್ಲೀನ್ ಮಾಡಿ ಅಂತ ಹೇಳಿದ್ದೆ ಅಷ್ಟೆ. ಈ ಹೆಂಗಸಿಗೆ ತಲೆ ಇಲ್ಲ, ಜಾಸ್ತಿ ಉಜ್ಜಿಬಿಟ್ಟಿದ್ದಾಳೆ." ಅಡುಗೆಮನೆಯ ಕಡೆ ತಿರುಗಿ ಕೂಗಿದ, "ಏ, ಬಾರಮ್ಮ ಇಲ್ಲಿ! ನೋಡು ನಿನ್ನ ಕೆಲಸ!"

ಮಂಟಪದ ನೆಲ ತೊಳೆಯುವ ಹೆಂಗಸು ಬಂದಳು. ಅರವತ್ತರ ಹತ್ತಿರದ ವಯಸ್ಸು, ಎತ್ತಿ ಕಟ್ಟಿದ ಸೀರೆ, ಕೈಯಲ್ಲಿ ತೆಂಗಿನ ನಾರಿನ ಬ್ರಷ್ಷು. ಬಂದವರೆಲ್ಲ ನೋಡುತ್ತಿದ್ದರು. ಆತ ಬೈಯುತ್ತಾ ಹೋದ. ಥಿನ್ನರ್ ಡಬ್ಬ ಕೊಟ್ಟವನು ತಾನು, ಗ್ಯಾರೇಜಿಗೆ ಕಳಿಸಿದವನು ತಾನು, ಆದರೆ ತಲೆ ಇಲ್ಲದ್ದು ಅವಳಿಗೆ. ಇಷ್ಟು ಅಸಹ್ಯವಾದ ಮನುಷ್ಯನನ್ನು ನಾನು ಕಂಡೇ ಇಲ್ಲ ಅಂದುಕೊಳ್ಳುತ್ತಿರುವಾಗಲೇ ನನ್ನ ಬಾಯಿಂದಲೂ ಬಂತು: "ನಿಂಗೆ ಕಣ್ಣು ಕಾಣಲ್ವಾ? ಆರು ತಿಂಗಳ ಕೆಲಸ ಅದು, ಗೊತ್ತಾ ನಿಂಗೆ?"

ಅವಳು ಆತನತ್ತ ನೋಡದೆ ನನ್ನ ಕಡೆ ತಿರುಗಿದಳು.

"ತೊಳಿ ಅಂದಿದ್ದನ್ನ ತೊಳ್ದೆ ಕಣ್ ಟೀಚರಮ್ಮ. ಗಲೀಜು ಅಂಗೇ ಬಿಟ್ಟು ಬಾ ಅಂತ ನಂಗೆ ಇಲ್ಲೀಗಂಟ ಯಾರೂ ಹೇಳಿಲ್ಲ."

ನಾನು ಹಾರವನ್ನು ಕಿತ್ತು ಎಸೆದು, ಬೋಗಿಯನ್ನು ಡಬ್ಬಿಗೆ ಹಾಕಿಕೊಂಡು ಹಿಂಬಾಗಿಲಿನಿಂದ ಹೊರಟೆ. ಮುಂಬಾಗಿಲಲ್ಲಿ ಗಣ್ಯರಿಗೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಹಿಂದೆ ನಲ್ಲಿಯ ಹತ್ತಿರ ಅವಳು ಬಕೆಟ್ ತುಂಬಿಸುತ್ತಿದ್ದಳು. ತಪ್ಪಾಯಿತು ಎನ್ನಬೇಕು ಅನ್ನಿಸಿತು. ನಿಂತೆ ಅಷ್ಟೆ.

ಅವಳೇ ಮಾತಾಡಿದಳು. "ಭಾಳ ಚೆಂದಾಗಿ ಹೊಲ್ಸು ಮಾಡಿದ್ರಿ. ತೊಳೆಯಾಕೆ ಮನ್ಸೇ ಬರ್ಲಿಲ್ಲ. ಸೋಪಿಗೆ ಬಿಡ್ಲಿಲ್ಲ, ನಂಗೆ ಒಳಗೊಳಗೇ ಖುಷಿ. ಆಮ್ಯಾಕೆ ಅವ್ನೇ ಆ ಎಣ್ಣೆ ತಂದ್ಕೊಟ್ಟ." ನಲ್ಲಿ ನಿಲ್ಲಿಸಿದಳು. "ಆದ್ರೆ ಒಂದು ತಪ್ಪಿತ್ತು. ಕಕ್ಕಸಿನ ಕೊಳವೆ ಕೆಳಗೆ ನೆಟ್ಟಗೆ ಬಳ್ದಿದ್ರಿ. ಅದು ನೆಟ್ಟಗೆ ಬೀಳಲ್ಲ. ಗಾಡಿ ಓಡ್ತಿರ್ತದಲ್ಲ, ಗಾಳಿಗೆ ಹಿಂದಕ್ಕೆ ಹಾರಿ ಚಕ್ರದ ಒಳಮಗ್ಗುಲಿಗೆ ಮೆತ್ತಿ ಒಣಗ್ತದೆ. ಕಲ್ಲಾಗ್ಬಿಡ್ತದೆ. ಕಬ್ಬಿಣದ ಪಟ್ಟಿ ಇಟ್ಟು ಕೆರೀಬೇಕು."

"ನಿಮಗೆ ಹೇಗೆ ಗೊತ್ತು?" ಅಂದೆ. ಆಗ ಎಲ್ಲಿಂದಲೋ ನೀವು ಎಂದು ಬಂತು.

ಒಂದು ದೊಡ್ಡ ಸ್ಟೇಷನ್ನಿನಲ್ಲಿ ಕಂಟ್ರಾಕ್ಟಿನವನ ಕೈಕೆಳಗೆ ಹಳಿ ಮತ್ತು ಬೋಗಿ ತೊಳೆಯುವ ಕೆಲಸಕ್ಕಿದ್ದಳಂತೆ, ಹಳೆಯ ಬೋಗಿಗಳು ಹೋಗುವ ತನಕ. ಇಷ್ಟು ಹೇಳಿ ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಮನೆಗೆ ಬಂದ ಮೇಲೆ ನನಗೆ ಹತ್ತಿದ್ದು ಪಶ್ಚಾತ್ತಾಪವಲ್ಲ, ಆ ತಪ್ಪಿನ ಚಿಂತೆ. ನಿಜ ಹೇಳುತ್ತಿದ್ದೇನೆ. ಹಿಂದಕ್ಕೆ ಹಾರುತ್ತದೆ, ಚಕ್ರದ ಒಳಮಗ್ಗುಲು, ಕಲ್ಲಿನಂತೆ. ವಾಂತಿಯನ್ನು ಗಾಳಿಗೆ ಬಗ್ಗಿಸಿದವಳಿಗೆ ಇದು ಹೊಳೆಯಲಿಲ್ಲವಲ್ಲ! ಹಾಳಾದ ಬೋಗಿಯ ಒಂದು ಬದಿ ಕತ್ತರಿಸಿ ತೆಗೆದು ಹೊಸ ಹಾಳೆ ಅಂಟಿಸಿದೆ. ಬಣ್ಣ ಕೆರೆದೆ, ಸರಳುಗಳನ್ನು ಮತ್ತೆ ಕೂರಿಸಿದೆ. ಕಲ್ಲಾಗಿ ಒಣಗಿದ್ದು ಕಾಣಲೆಂದು ಬಣ್ಣಕ್ಕೆ ಸುಣ್ಣದ ಪುಡಿ ಬೆರೆಸಿ ಪದರ ಪದರವಾಗಿ ಕೂರಿಸಿದೆ. ನಾಲ್ಕು ತಿಂಗಳು ಹೋಯ್ತು. ಮುಗಿದಾಗ ಇದನ್ನು ನೋಡಿ ಸರಿ ತಪ್ಪು ಹೇಳಬಲ್ಲವರು ಒಬ್ಬರೇ ಎನ್ನಿಸಿ ಮತ್ತೆ ತರೀಕೆರೆಯ ಬಸ್ಸು ಹತ್ತಿದೆ.

ಅಂದು ಮಂಟಪದಲ್ಲಿ ಮದುವೆ ಮುಗಿದಿತ್ತು. ಹಿತ್ತಲಲ್ಲಿ ಎಂಜಲೆಲೆಗಳ ರಾಶಿ, ಹುಳಿ ವಾಸನೆ, ನೊಣ. ಅವಳು ಕೊಪ್ಪರಿಗೆಯೊಳಗೆ ಅರ್ಧ ಮೈ ಬಗ್ಗಿಸಿ ತಳ ತಿಕ್ಕುತ್ತಿದ್ದಳು. ನಾನು ಉಸಿರು ಬಿಗಿಹಿಡಿದು, ಎಲೆಗಳನ್ನು ದಾಟಿ ಹೋಗಿ, ಕಟ್ಟೆಯ ಮೇಲೆ ಡಬ್ಬಿ ತೆರೆದೆ.

"ನೀವು ಹೇಳಿದ ಹಾಗೇ ಮಾಡಿದೀನಿ, ನೋಡಿ."

ಕೈಯನ್ನು ಸೀರೆಗೆ ಒರೆಸಿಕೊಂಡು ಬಂದಳು. ಮುಟ್ಟಲಿಲ್ಲ. ಮಂಡಿಯೂರಿ ಕೂತು ಬೋಗಿಯ ಕೆಳಗೆ ನೋಡಿದಳು. ತುಂಬ ಹೊತ್ತು ನೋಡಿದಳು. ನಾನು ಶಾಲೆಯ ಹುಡುಗಿಯಂತೆ ಕಾದೆ.

"ಇದೇ," ಅಂದಳು. "ಇಂಗೇ ಇರ್ತಿತ್ತು."

ನನ್ನ ಮುಖ ಅರಳಿರಬೇಕು. ಅಷ್ಟರಲ್ಲಿ ಅವಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು.

"ಎತ್ತಿಡಿ ಟೀಚರಮ್ಮ."

"ಯಾಕೆ?"

"ವಾಸ್ನೆ ಬತ್ತಾ ಐತೆ."

"ಬಣ್ಣ ಕಣ್ರೀ ಅದು. ಬಣ್ಣ, ಸುಣ್ಣ, ಅಷ್ಟೆ."

"ಗೊತ್ತು. ಆದ್ರೂ ಬತ್ತೈತೆ." ಎದ್ದು ಎರಡು ಹೆಜ್ಜೆ ಹಿಂದೆ ಸರಿದಳು. ಎಂಜಲೆಲೆಗಳ ನಡುವೆ ಮೂಗು ಮುಚ್ಚದಿದ್ದವಳು. "ಎಷ್ಟು ತೊಳ್ಕಂಡ್ರೂ ಹೋಗ್ತಿರ್ಲಿಲ್ಲ. ನನ್ ಮಗಳು ನಾನ್ ಕಲಸಿದ ಅನ್ನ ತಿಂತಿರ್ಲಿಲ್ಲ. ಅವ್ವ, ನೀನು ಮುಟ್ಬೇಡ, ನಾನೇ ಕಲಸ್ಕಂತೀನಿ ಅನ್ನೋಳು. ನೀವು ಆಸೆ ಪಟ್ಟು ಕೂತ್ಕಂಡು ಮಾಡಿದ್ದೀರಲ್ಲ ಇದನ್ನ. ಏನ್ ಸಿಗ್ತದಮ್ಮ ನಿಮ್ಗೆ?"

ಅವಳು ಬೈಯಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳಿದಳು. ನಾನು ಡಬ್ಬಿಯ ಮುಚ್ಚಳ ಹಾಕಿದೆ. ಅವಳು ಕೊಪ್ಪರಿಗೆಗೆ ಮರಳಿದಳು.

ಬಸ್‌ಸ್ಟ್ಯಾಂಡಿನ ತನಕ ನಡೆಯುವಾಗ ನನ್ನ ಕೈಗಳನ್ನೇ ನೋಡಿಕೊಂಡೆ. ಉಗುರಿನ ಸಂದಿಯಲ್ಲಿ ಆ ಹಳದಿ ಕಂದು ಇನ್ನೂ ಇತ್ತು. ಇಷ್ಟು ವರ್ಷ ರೈಲಿನ ಕಲೆಗಳನ್ನು ನೋಡಿದೆ, ಫೋಟೋ ತೆಗೆದೆ, ಬಣ್ಣಗಳ ಪಟ್ಟಿ ಮಾಡಿದೆ. ಇವತ್ತು ಇದ್ದ ಕಲೆ ನಾಳೆ ಯಾಕಿಲ್ಲ, ಯಾರು ತೆಗೆದರು ಅಂತ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಹೇಸಿಗೆಯನ್ನು ಗೆದ್ದೆ ಅಂದುಕೊಂಡಿದ್ದೆನಲ್ಲ, ಗೆದ್ದಿರಲಿಲ್ಲ; ವಾಸನೆಯನ್ನು ಬೇರೆಯವರಿಗೆ ಬಿಟ್ಟು ಬಣ್ಣವನ್ನಷ್ಟೇ ಮನೆಗೆ ತಂದಿದ್ದೆ. ಆ ಕಾರ್ಯದರ್ಶಿಯ ಸೆಂಟಿನ ಶರ್ಟು ಕಣ್ಣಮುಂದೆ ಬಂತು. ಆತನನ್ನು ಕಂಡು ಪಟ್ಟ ಅಸಹ್ಯದಲ್ಲಿ ಅರ್ಧದಷ್ಟು ಈಗ ನನ್ನ ಮೇಲೇ ಬಂದು ಕೂತಿತು.

ಬೀರೂರು ದಾಟಿದ ಮೇಲೆ ಕಂಡಕ್ಟರ್ ಡಬ್ಬಿ ನೋಡಿ ಕೇಳಿದ, "ಏನ್ ಮೇಡಂ, ಮದುವೆ ಸ್ವೀಟಾ?"

"ಹೂಂ," ಅಂದೆ.

ಬೋಗಿಯನ್ನು ನಾನು ಒಡೆಯಲಿಲ್ಲ, ತೊಳೆಯಲೂ ಇಲ್ಲ. ಬೀರುವಿನ ಮೇಲಿನ ಅರೆಯಲ್ಲಿ ಇದೆ. ಸಂಘದವರು ಈ ವರ್ಷವೂ ಫೋನ್ ಮಾಡಿದ್ದರು, ಆಗುವುದಿಲ್ಲ ಎಂದೆ. ತರೀಕೆರೆಗೆ ಇನ್ನೊಮ್ಮೆ ಹೋಗಿ ಅವಳನ್ನು ಕಂಡು ಬರಬೇಕು ಎಂದುಕೊಳ್ಳುತ್ತೇನೆ. ಹೋಗಿ ಏನು ಹೇಳುವುದು ಎಂದು ತಿಳಿಯದೆ ಮುಂದಕ್ಕೆ ಹಾಕುತ್ತೇನೆ. ಈಗ ಕೈಯಲ್ಲಿರುವುದು ಕೆಮ್ಮಣ್ಣುಗುಂಡಿ ಕಡೆಯ ಅದಿರು ತುಂಬುತ್ತಿದ್ದಂಥ ತೆರೆದ ಡಬ್ಬಿ. ಅದಕ್ಕೆ ಕೆಂಪು ಧೂಳು ಬಿಟ್ಟರೆ ಬೇರೇನೂ ಬೇಡ. ಆದರೂ ಬ್ರಷ್ ಹಿಡಿದು ಕೂತರೆ ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಕೈ ತೊಳೆದು ಬರುತ್ತೇನೆ.