ಬ್ಯಾಟರಿಗೆ ಕಟ್ಟಿದ ಅರಿಶಿನದ ದಾರ

ಕಾರು ಕೆಡಿಸಿದ್ದು ನಾನು. ಸರಿ ಮಾಡಿಸಿದ್ದು ಮಾರಮ್ಮ. ಇದರಲ್ಲಿ ಬೇರೆ ಯಾರ ತಪ್ಪೂ ಇಲ್ಲ, ಬೇರೆ ಯಾರ ಜಾಣತನವೂ ಇಲ್ಲ. ನಾನು ಓದಿದ್ದು ಮೂರನೇ ಕ್ಲಾಸು. ನಡೆದದ್ದನ್ನ ನಡೆದ ಹಾಗೆ ಬರೀತೀನಿ, ಅಮ್ಮನ್ನ ನಂಬಿದವರು ಓದಿ.

ಎಂಬತ್ತೆರಡನೇ ಇಸವಿ, ಆಯುಧಪೂಜೆ ಕಳೆದು ಒಂಬತ್ತು ದಿನ. ಮಗಳು ಸಾವಿತ್ರಿ ಹೆರಿಗೆಗೆ ಅಂತ ಜರಗನಹಳ್ಳಿಗೆ ನಮ್ಮನೆಗೆ ಬಂದಿದ್ದಳು. ಹೊಟ್ಟೇಲಿ ಮಗು ಅಡ್ಡ ತಿರುಗಿದೆ, ನೋವು ಕಂಡ ತಕ್ಷಣ ಕರ್ಕೊಂಡು ಬನ್ನಿ, ಮನೇಲಿ ಇಟ್ಕೋಬೇಡಿ ಅಂತ ಜಯನಗರದ ಡಾಕ್ಟ್ರಮ್ಮ ಹೇಳಿದ್ದರು. ನಾನು ಹೆದರಿರಲಿಲ್ಲ. ಹೊಲ ಸೈಟಾದಾಗ ಮಗ ನಂಜುಂಡ ಕೊಂಡ ಹಳೇ ಕಾರು ಬಾಗಿಲಲ್ಲೇ ನಿಂತಿತ್ತಲ್ಲ.

ಮಧ್ಯಾಹ್ನ ನೋವು ಬಂತು. ಅವಳನ್ನ ಹಿಂದಿನ ಸೀಟಲ್ಲಿ ಮಲಗಿಸಿದ್ವಿ. ನಂಜುಂಡ ಕೀ ತಿರುಗಿಸಿದ. ಟಕ್ ಅಂತು. ಅಷ್ಟೇ.

"ಇನ್ನೊಂದ್ಸಲ ತಿರುಗ್ಸೋ."

"ಎಷ್ಟ್ ಸಲ ತಿರುಗ್ಸಿದ್ರೂ ಅಷ್ಟೇ ಅಮ್ಮ. ಸೆಲ್ಫೇ ತಿರುಗ್ತಿಲ್ಲ."

ನಮ್ಮ ಬಾಡಿಗೆ ಮನೇಲಿರೋ ರಾಜಣ್ಣ ಬಸ್ ಡ್ರೈವರು. ಊಟಕ್ಕೆ ಕೂತವನು ಎಂಜಲು ಕೈಯಲ್ಲೇ ಓಡಿ ಬಂದ. "ಹಾರನ್ ಹೊಡಿ ಗುರು" ಅಂದ. ಹಾರನ್ನು ಮುದುಕ ಕೆಮ್ಮಿದ ಹಾಗೆ ಅಂತು. "ಲೈಟ್ ಹಾಕು." ಅಂಗೈ ಅಡ್ಡ ಹಿಡಿದು ನೋಡಿದ, ಮಿಣುಕು ಹುಳದಷ್ಟು ಬೆಳಕು. "ಪೆಟ್ರೋಲಿನ ತೊಂದ್ರೆ ಅಲ್ಲ. ಕರೆಂಟ್ ಬರ್ತಿಲ್ಲ" ಅಂತ ಬಾನೆಟ್ ಎತ್ತಿ ಬ್ಯಾಟರಿಗೆ ಕೈ ಹಾಕಿದ.

ನಾನೇ ಅವನ ಕೈ ತಡೆದೆ. "ಪೂಜೆ ದಾರ ಅದು. ಮುಂದಿನ ಆಯುಧಪೂಜೆ ತನಕ ಬಿಚ್ಚೋ ಹಾಗಿಲ್ಲ. ಅದೂ ಎಂಜಲು ಕೈಯಲ್ಲಿ."

"ಆಯ್ತು ಬಿಡಿ ಅಮ್ಮ" ಅಂತ ಹಿಂದೆ ಸರಿದ. "ತಳ್ಳಿ ನೋಡೋಣ."

ನಾಲ್ಕು ಜನ ಕನಕಪುರ ರೋಡಿನ ತನಕ ತಳ್ಳಿದರು. ಎರಡು ಸಲ ಗೊರ್ ಅಂದು ನಿಂತ್ಕೊಂತು. ಸಾವಿತ್ರಿ ಬಸ್ಸಲ್ಲಿ ಕೂರೋ ಸ್ಥಿತೀಲಿ ಇರಲಿಲ್ಲ. ಆಟೋ ಹುಡುಕ್ಕೊಂಡು ಸೈಕಲ್ಲಲ್ಲಿ ಹೋದ ನಮ್ಮ ಯಜಮಾನರು ತಿರುಗಿ ಬಂದಿರಲಿಲ್ಲ. ಬ್ಯಾಟರಿ ಸತ್ತಿದೆ, ಹೊಸದೇ ತರ್ಬೇಕು ಅಂದ ರಾಜಣ್ಣ. ಅಷ್ಟು ಹೊತ್ತು ಹಲ್ಲು ಕಚ್ಚಿದ್ದ ಸಾವಿತ್ರಿ ಆಗ ಬಾಯಿ ಬಿಟ್ಟಳು.

"ಅಮ್ಮ, ಮಗು ಅಲ್ಲಾಡ್ತಿಲ್ಲ."

ರೋಡಿನಾಚೆಗೇ ಮಾರಮ್ಮನ ಗುಡಿ. ಚಪ್ಪಲಿ ಬಿಟ್ಟೆನೋ ಇಲ್ಲವೋ ನೆನಪಿಲ್ಲ. "ವಾರ ತಪ್ಪಿಸದೆ ಬಂದಿದೀನಿ. ಇವತ್ತು ದಾರಿ ತೋರ್ಸು. ಇಲ್ಲಾಂದ್ರೆ ಇನ್ಮೇಲೆ ಈ ಹೊಸಿಲು ತುಳಿಯಲ್ಲ" ಅಂದೆ. ಪ್ರಾರ್ಥನೆ ಅಲ್ಲ ಅದು, ಜಗಳ.

ಪೂಜಾರಪ್ಪ ನನ್ನ ಕಡೆ ತಿರುಗಲೂ ಇಲ್ಲ. ನಾಳೆ ಶುಕ್ರವಾರದ ಅಲಂಕಾರ ಅಂತ ಅಮ್ಮನ ಮುಖದ ಹಳೇ ಕುಂಕುಮ ಕೆರೀತಿದ್ದರು. ಗೋಡೆ ಗಾರೆ ಹಾಗೆ ಹೆಕ್ಕಳಿಕೆ ಎದ್ದು ಬರ್ತಿತ್ತು. "ಭಕ್ತಿ ಭಕ್ತಿ ಅಂತ ಮೆತ್ತೋದು. ಅಮ್ಮನಿಗೂ ನಿಮಗೂ ಮಧ್ಯ ನೀವೇ ಗೋಡೆ ಕಟ್ಟೋದು. ಆಮೇಲೆ ಅಮ್ಮ ಕಣ್ಬಿಡ್ಲಿಲ್ಲ ಅನ್ನೋದು" ಅಂತ ತಮ್ಮಷ್ಟಕ್ಕೆ ಗೊಣಗಿದರು.

ಮೆತ್ತೋದು ಅಂದದ್ದು ಕಿವಿಗೆ ಬಿದ್ದಿದ್ದೇ ನನಗೆ ಬ್ಯಾಟರಿ ನೆನಪಾಯ್ತು.

ಆಯುಧಪೂಜೆ ದಿನ ನಂಜುಂಡ ಬ್ಯಾಟರಿಯ ಎರಡೂ ವೈರು ಬಿಚ್ಚಿ ಒರೆಸ್ತಿದ್ದ. ಇದೇ ಗಾಡಿ ಜೀವ ಅಂದಿದ್ದ. ಜೀವ ಅಂದ ಮೇಲೆ ಬಿಡೋದುಂಟೆ ಅಂತ ವೈರು ಕೂರೋ ಆ ಎರಡು ಗುಬುಟಿಗೂ ದಾರ ಸುತ್ತಿ, ಅರಿಶಿನ ಕಲಸಿ ಮೆತ್ತಿ, ಮೇಲೆ ಕುಂಕುಮ ಒತ್ತಿದ್ದೆ. ನಾನು ಕಟ್ಟಿದ್ದು ಅಂತ ಅವನು ಅದರ ಮೇಲೇ ವೈರು ಕೂರಿಸಿ ಬಿಗಿದಿದ್ದ.

ಓಡಿದೆ. "ರಾಜಣ್ಣ, ವೈರು ಬಿಚ್ಚಪ್ಪ. ದಾರ ನಾನೇ ಕೀಳ್ತೀನಿ."

ಅರಿಶಿನ ಒಣಗಿ ಹೆಂಚಾಗಿತ್ತು. ಉಗುರಲ್ಲಿ ಕಿತ್ತೆ. ರಾಜಣ್ಣ ಮಿಕ್ಕದ್ದನ್ನ ಚಾಕುವಲ್ಲಿ ಹೊಳೆಯೋ ಹಾಗೆ ಕೆರೆದ. "ಎಲ್ಲೋ ಒಂದು ಮೂಲೇಲಿ ವೈರು ಕಚ್ಕೊಂಡು ಇಷ್ಟು ದಿನ ಓಡಿದೆ ಅಮ್ಮ. ಇವತ್ತು ಅದೂ ಬಿಟ್ಟಿದೆ" ಅಂದ. ವೈರು ಬಿಗಿದ. ನಂಜುಂಡ ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು.

ಜಯನಗರದಲ್ಲಿ ಹೋದ ಕೂಡಲೇ ಆಪರೇಷನ್ ಮಾಡಿದರು. ಹೆಣ್ಣು ಮಗು. ಮೊದಲು ಅಳಲಿಲ್ಲ, ಆಮೇಲೆ ಅತ್ತಿತು. ಇನ್ನು ಸ್ವಲ್ಪ ತಡ ಆಗಿದ್ರೆ ತಾಯಿ ಮಗು ಇಬ್ಬರೂ ಇರ್ತಿರಲಿಲ್ಲ ಅಂದರು ಡಾಕ್ಟ್ರಮ್ಮ. ನಾನು ನನ್ನ ಕೈ ನೋಡ್ಕೊಂಡೆ. ಉಗುರು ಸಂದೀಲಿ ಇನ್ನೂ ಅರಿಶಿನ ಇತ್ತು.

"ಏನಮ್ಮ, ಇವಳಿಗೂ ಒಂದು ದಾರ ಸುತ್ತೋಣ್ವಾ?" ಅಂದ ನಂಜುಂಡ. ನನಗೆ ನಗು ಬರಲಿಲ್ಲ.

ಇದೇನು ಪವಾಡ, ಕೆರೆದದ್ದು ನನ್ನ ಚಾಕು ಅಂತಾನೆ ರಾಜಣ್ಣ. ನಿಜವೇ. ಆದರೆ ನಾನು ದಾರಿ ಕೇಳಿದ ಗಳಿಗೇಲೇ ಆ ಮಾತನ್ನ ಪೂಜಾರಪ್ಪನ ಬಾಯಲ್ಲಿ ಆಡಿಸಿದ್ದು ಯಾರು? ನಾನು ಬೈಯ್ದೆ, ಅವಳು ಬೈಯ್ಲಿಲ್ಲ, ದಾರಿ ತೋರಿಸಿದಳು. ಹಿಂದೆ ಅವಳಿಗೆ ಹೆದರಿ ಕೈ ಮುಗೀತಿದ್ದೆ. ಈಗ ನಂಬಿ ಮುಗೀತೀನಿ.

ಮಾರನೇ ದಿನ ಬೆಳಿಗ್ಗೆ ಕಾಫಿನೂ ಕುಡೀದೆ ದೇವರ ಗೂಡಿಂದ ಅಮ್ಮನ ಹಿತ್ತಾಳೆ ಮುಖ ಇಳಿಸಿ, ಹುಣಿಸೆಹಣ್ಣು ಹಚ್ಚಿ ತಿಕ್ಕಿದೆ. ನಮ್ಮತ್ತೆ ಕಾಲದಿಂದ ಮೆತ್ತಿದ್ದ ಕುಂಕುಮ. ಮೂರು ನೀರಿಗೆ ಬಿಡ್ತು. ಒಳಗೆ ಎರಡು ಕಣ್ಣಿದ್ದವು, ನಾನು ನೋಡೇ ಇರಲಿಲ್ಲ. ಕೈ ಒರೆಸ್ಕೊಂಡು ಹಣೆಗೆ ಒಂದೇ ಒಂದು ಬೊಟ್ಟಿಟ್ಟೆ.