ನೀಲಕ್ಕನ ಸ್ಯಾಂಪಲ್

ನಮ್ಮ ಬಸವಕಲ್ಯಾಣದಲ್ಲಿ ನೇರಳೆ ಹಣ್ಣಿನ ಗಾಡಿಗಳು ಬಂದವೆಂದರೆ ನನ್ನ ಘನತೆಗೆ ಸ್ವಲ್ಪ ಧಕ್ಕೆಯಾಗುವುದು ರೂಢಿ. ನನ್ನದು ಕನ್ನಡಕದ ಅಂಗಡಿ. ನಿನ್ನೆ ಮಧ್ಯಾಹ್ನ ಗಿರಾಕಿಗಳಿಲ್ಲವೆಂದು ಒಂದು ಪೊಟ್ಟಣ ನೇರಳೆ ಕೊಂಡು, ಮೇಲೆ ಉಪ್ಪು ಉದುರಿಸಿ, ಕುರ್ಚಿಯಲ್ಲಿ ಕಾಲು ಚಾಚಿ ತಿನ್ನುತ್ತಿದ್ದೆ. ಅಷ್ಟರಲ್ಲಿ ವಯಸ್ಸಾದ ಹೆಂಗಸೊಬ್ಬರು ಬಂದರು. ನಾನು ಕಾಲು ಮಡಚಿ, ವೈದ್ಯರ ಗತ್ತಿನಲ್ಲಿ "ಬರ್ರಿ, ಕೂಡ್ರಿ" ಅಂದೆ. ಅವರು ನನ್ನ ಬಾಯಿಯನ್ನೇ ನೋಡಿ, "ಮೊದಲ ನೀವು ದವಾಖಾನಿಗೆ ಹೋಗಿ ಬರ್ರಿ, ನಾ ಆಮ್ಯಾಲ ಬರ್ತೇನಿ" ಎಂದು ಹೊರಟೇ ಹೋದರು. ಗಿರಾಕಿಗಳಿಗೆಂದು ಇಟ್ಟ ಕನ್ನಡಿಯಲ್ಲಿ ನೋಡಿಕೊಂಡರೆ ತುಟಿ, ಹಲ್ಲು, ನಾಲಗೆ ಎಲ್ಲ ನೇರಳೆ ಬಣ್ಣ.

ಬಣ್ಣ ಹೋಗಲಿ, ಆ ಒಗರು ನೋಡಿ. ನಾಲಗೆಯನ್ನು ಯಾರೋ ಒಣಬಟ್ಟೆಯಿಂದ ಒರೆಸಿದ ಹಾಗೆ. ಸಿಹಿ ತಾನಾಗಿ ಒಳಗೆ ಬರುತ್ತದೆ, ಖಾರ ಬಾಗಿಲು ಬಡಿಯುತ್ತದೆ. ಒಗರು ಮಾತ್ರ ಒಳಗಿದ್ದವರನ್ನು ಹೊರಗೆ ಹಾಕಿ ತಾನು ಕೂಡುತ್ತದೆ. ಅದು ಬಾಯಿಗೆ ಬಂದಾಗಲೆಲ್ಲ ನನಗೆ ಹುಮನಾಬಾದಿನ ನೀಲಕ್ಕ ನೆನಪಾಗುತ್ತಾಳೆ. ಈ ಮಾತನ್ನು ಅವಳೆದುರು ನೀವು ಆಡಬೇಡಿ.

ನೀಲಕ್ಕ ನನ್ನ ದೊಡ್ಡಪ್ಪನ ಮಗಳು. ಹುಮನಾಬಾದಿನ ಔಷಧಿ ಕಾರ್ಖಾನೆಯೊಂದರ ಪರೀಕ್ಷಾ ವಿಭಾಗದಲ್ಲಿ ದುಡಿದು ನಿವೃತ್ತಳಾದವಳು. ಅವಳ ಕೆಲಸವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ಸಂಶಯಪಡುವುದು. ಕಾರ್ಖಾನೆಯಲ್ಲಿ ತಯಾರಾದ ಔಷಧಿಯಲ್ಲಿ ಒಂದಿಷ್ಟನ್ನು ಎತ್ತಿಟ್ಟು, ಕೆಲವು ತಿಂಗಳು ಬಿಟ್ಟು ತೆಗೆದು ಪರೀಕ್ಷಿಸಬೇಕು, ಮತ್ತೆ ಕೆಲವು ತಿಂಗಳು ಬಿಟ್ಟು ಮತ್ತೊಮ್ಮೆ. "ಮಾಡಿದ ದಿನ ಎಲ್ಲಾ ಔಷಧನೂ ಚಲೋನೇ ಇರ್ತದ ತಮ್ಮಾ, ಇಟ್ಟು ನೋಡಬೇಕು" ಅನ್ನುತ್ತಿದ್ದಳು. ಈ ಅಭ್ಯಾಸ ಅವಳ ಜೊತೆ ಮನೆಗೂ ಬಂತು. ಉಪ್ಪಿನಕಾಯಿಯಿಂದ ಹಿಡಿದು ಅಳಿಯನವರೆಗೆ ಎಲ್ಲರನ್ನೂ ಇಟ್ಟು ನೋಡಿದ್ದಾಳೆ. ಉಪ್ಪಿನಕಾಯಿ ಪಾಸಾಗಿದೆ. ಅಳಿಯನ ಫಲಿತಾಂಶ ಇನ್ನೂ ಬಂದಿಲ್ಲ.

ಅವಳ ಗಂಡ ಶಿವರಾಯ ಮಾಮಾ ಇದಕ್ಕೆ ವಿರುದ್ಧ. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದರು. ಕಂಬದ ಮೇಲೆ ಯಾರೊಡನೆಯೂ ಮಾತಾಡುವ ಪ್ರಸಂಗ ಬರುವುದಿಲ್ಲವಲ್ಲ, ಕೆಳಗಿಳಿದ ಮೇಲೂ ಅದನ್ನೇ ಮುಂದುವರಿಸಿದರು. ನಿವೃತ್ತರಾದ ಮೇಲೆ ತಂತಿ ಎಳೆದ ಕೈ ಸುಮ್ಮನಿರಲಿಲ್ಲ. ರಾಜೇಶ್ವರದಲ್ಲಿದ್ದ ತಮ್ಮ ಪಾಲಿನ ಹೊಲದಲ್ಲಿ ಕಂಬ ನೆಟ್ಟರು, ತಂತಿ ಎಳೆದರು. ಊರವರು ಇದೇನು ಹೊಲಕ್ಕೂ ಕರೆಂಟು ಬಂತೇ ಎಂದು ನೋಡುತ್ತಿದ್ದಾಗ ಅದರ ಮೇಲೆ ದ್ರಾಕ್ಷಿ ಹಬ್ಬಿಸಿದರು. ಅದಾದರೂ ತಿನ್ನುವ ದ್ರಾಕ್ಷಿಯೇ? ಅಲ್ಲ. ಕಾಳು ಸಣ್ಣದು, ಕಪ್ಪು, ಸಿಪ್ಪೆ ದಪ್ಪ, ಒಳಗೆಲ್ಲ ಬೀಜ. ಕೆಂಪು ವೈನ್ ಮಾಡುವ ಜಾತಿ. ಹೆಸರು ಶಿರಾಜ್. ಸೊಲ್ಲಾಪುರದ ಕಡೆಯ ಒಂದು ಸಣ್ಣ ವೈನ್ ಕಾರ್ಖಾನೆಯವರು ಕೊಳ್ಳಲು ಒಪ್ಪಿದ್ದರು.

ನಮ್ಮ ಮನೆತನ ಎಂಥದೆಂದರೆ, ಕೆಮ್ಮಿನ ಔಷಧಿ ಕುಡಿದರೂ ಬಾಯಿ ಮುಕ್ಕಳಿಸಿ ವಿಭೂತಿ ಹಚ್ಚಿಕೊಳ್ಳುವವರು. ಅದರಲ್ಲೂ ಕಲ್ಯಾಣದವರು ನಾವು. ಸಂಬಂಧಿಕರೆಲ್ಲ ಮಾಮಾನನ್ನು ವಿಚಾರಿಸಿಕೊಂಡರು. ಅವರು ಯಾರಿಗೂ ಉತ್ತರ ಕೊಡಲಿಲ್ಲ. ಅವರ ತಮ್ಮ ಮಾತ್ರ ಬಿಡಲಿಲ್ಲ. "ಅಣ್ಣಾ, ಕಬ್ಬು ಹಚ್ಚೋಣ. ನಿನಗ ವಯಸ್ಸಾಯ್ತು, ಈ ಬಳ್ಳಿ ಚಾಕರಿ ಆಗಂಗಿಲ್ಲ" ಎಂದು ಬೆನ್ನು ಹತ್ತಿದ. ಮಾತು ಸುಳ್ಳೂ ಆಗಿರಲಿಲ್ಲ. ಮಾಮಾಗೆ ಮೊಣಕಾಲು ನೋವು.

ಮೊದಲ ಬೆಳೆಯ ವೈನಿನ ಕೆಲವು ಬಾಟಲಿಗಳನ್ನು ಕಾರ್ಖಾನೆಯವರು ಬೇಸಿಗೆ ಮುಗಿಯುವ ಹೊತ್ತಿಗೆ ಕಳಿಸಿದರು. ಈಗ ಎಳೆಯದಿದೆ, ತಿಂಗಳಿಗೊಂದರಂತೆ ತೆಗೆದು ನೋಡಿ, ಬದಲಾಗುತ್ತ ಹೋಗುತ್ತದೆ ಎಂದು ಹೇಳಿದ್ದರಂತೆ. ಇಟ್ಟು ನೋಡುವುದೆಂದರೆ ನೀಲಕ್ಕನ ಕ್ಷೇತ್ರ. ಅಂದು ಮಾಮಾ ತಮ್ಮ ಜೀವಮಾನದ ದೊಡ್ಡ ಭಾಷಣ ಮಾಡಿದರು. "ದಸರಾಕ್ಕ ಬಳ್ಳಿ ಸವರಬೇಕು. ಅಷ್ಟ್ರಾಗ ನೀ ಚಲೋ ಅಂದ್ರ ಇಡ್ತೇನಿ. ಇಲ್ಲಂದ್ರ ಬುಡಸಹಿತ ಕೀಳಸ್ತೇನಿ."

ನೀಲಕ್ಕ ನನಗೆ ಫೋನು ಮಾಡಿದಳು. "ರವಿವಾರ ಬಾ. ಬರೂ ಮುಂದ ಖಲೀಲ್ ಸಾಹೇಬ್ರನ್ನೂ ಕರ್ಕೊಂಡು ಬಾ. ಒಂದು ಸ್ಯಾಂಪಲ್ ನೋಡೂದದ." ಮನೆಯಲ್ಲಿ ಆ ಪದಾರ್ಥಕ್ಕೆ ಸ್ಯಾಂಪಲ್ ಎಂದೇ ಹೆಸರಾಯಿತು. ನನ್ನ ಹೆಂಡತಿಗೂ ನಾನು ಅದೇ ಹೆಸರು ಹೇಳಿ ಹೊರಟೆ.

ಖಲೀಲ್ ಸಾಹೇಬರದು ನನ್ನ ಅಂಗಡಿಗೆ ಅಂಟಿಕೊಂಡಿರುವ ಅತ್ತರಿನ ಅಂಗಡಿ. ಮಗಳನ್ನು ಹುಮನಾಬಾದಿಗೆ ಕೊಟ್ಟಿದ್ದಾರೆ, ರವಿವಾರಗಳಂದು ತಮ್ಮ ಹಳೇ ಕಾರಿನಲ್ಲಿ ಹೇಗೂ ಅಲ್ಲಿಗೆ ಹೋಗುವವರು. ವಿಷಯ ಕೇಳಿ ಅವರು ನೀಲಕ್ಕನ ಮುಂದೆ ಕೈಮುಗಿದರು. "ಬಾಯಿಗೆ ಹಚ್ಚೂದು ನಮಗ ಆಗಂಗಿಲ್ಲ ಅಕ್ಕಾವರ. ಮೂಗಿಲೆ ಎಷ್ಟು ಖಿದ್ಮತ್ ಆಗ್ತದ ಅಷ್ಟು ಮಾಡ್ತೇನಿ." ದ್ರಾಕ್ಷಿಯ ಹೆಸರು ಶಿರಾಜ್ ಎಂದು ತಿಳಿದದ್ದೇ ಅವರ ಮುಖ ಅರಳಿತು. "ಶಿರಾಜ್ ಅಂದ್ರ ಇರಾನದ ಶಹರ್ ಅದ. ಅಲ್ಲಿ ಗುಲಾಬ್ ಭಾಳ ಮಶಹೂರ್. ಇದ್ರಾಗ ಗುಲಾಬ್ ಬರ್ಲೇಬೇಕು." ಅಂದಿನಿಂದ ಅವರು ಆ ಬಾಟಲಿಯಲ್ಲಿ ಗುಲಾಬಿಯನ್ನು ಹುಡುಕಿದ್ದೇ ಹುಡುಕಿದ್ದು.

ಮೊದಲ ರುಚಿ ನೋಡಿದ್ದು ಅಡುಗೆಮನೆಯ ಪಕ್ಕದ ಪಡಸಾಲೆಯಲ್ಲಿ. ಗಾಜಿನ ಲೋಟದಲ್ಲಿ ಸುರಿದರೆ ಶಾಯಿಯ ಹಾಗೆ ಕಪ್ಪು, ಅಂಚಿನಲ್ಲಿ ನೇರಳೆ. "ನುಂಗಬ್ಯಾಡ್ರಿ. ಬಾಯಾಗ ಆಡಿಸಿ ಉಗುಳ್ರಿ" ಎಂದು ನೀಲಕ್ಕ ಒಂದು ಬೋಗುಣಿ ಇಟ್ಟಳು. ನಾನು ಬಾಯಿಗೆ ಹಾಕಿಕೊಂಡೆ. ದಾಳಿಂಬೆಯ ಸಿಪ್ಪೆ ಅಗಿದು ಮೇಲೆ ಹುಣಸೆ ನೀರು ಕುಡಿದಂತಾಯಿತು. ಕಣ್ಣಲ್ಲಿ ನೀರು. ಖಲೀಲ್ ಸಾಹೇಬರು ಮೂಸಿ, ಹೊಸದಾಗಿ ಬಣ್ಣ ಹಚ್ಚಿದ ಕಿಟಕಿಯ ವಾಸನೆ ಇದೆ ಅಂದರು. ನೀಲಕ್ಕ ಗುಟುಕು ತೆಗೆದುಕೊಂಡು, ಉಗುಳಿ, "ಒಗರದ, ಹುಳಿ ಅದ" ಅಂದಳು. ಮಾಮಾ ಅವಳ ಮುಖವನ್ನೇ ನೋಡುತ್ತ ಕೂತಿದ್ದರು. ಅವರು ಮತ್ತೇನಾದರೂ ಬರಬಹುದೆಂದು ಕಾಯುತ್ತಿರುವುದು ನನಗೂ ತಿಳಿಯಿತು. ಏನೂ ಬರಲಿಲ್ಲ.

ಎರಡನೆಯ ಸಲ ಮಳೆ ಹಿಡಿದಿತ್ತು. ಈಗ ನನಗೊಂದು ಪೇಚು. ಅಂಗಡಿಯಲ್ಲಿ ನಾನು ಜನರ ಕಣ್ಣಿಗೆ ಒಂದೊಂದೇ ಗಾಜು ಹಾಕಿ, ಇದು ಚಲೋ ಕಾಣ್ತದೋ, ಮೊದಲಿಂದು ಚಲೋ ಇತ್ತೋ ಎಂದು ಕೇಳುವವನು. ಗಿರಾಕಿ ತಡವರಿಸಿದರೆ ಒಳಗೊಳಗೇ ಸಿಡುಕುವವನು. ಈಗ ನೀಲಕ್ಕ ನನ್ನನ್ನು ಅದೇ ದನಿಯಲ್ಲಿ, "ಹೋದ ಸಲದ್ದು ಚಲೋ ಇತ್ತೋ, ಈಗಿಂದೋ" ಎಂದು ಕೇಳಿದಳು. ಹೋದ ಸಲದ ರುಚಿ ಎಲ್ಲಿದೆ ನೆನಪಿಗೆ? ನಾನು ತಡವರಿಸಿದೆ. ಹುಳಿಯ ಚೂಪು ಸ್ವಲ್ಪ ಇಳಿದಿದೆ ಎನಿಸಿತು, ಆದರೆ ವಾಸನೆಯೇ ಅಡಗಿತ್ತು. ಖಲೀಲ್ ಸಾಹೇಬರು ಎರಡು ಸಲ ಮೂಸಿ, "ಬಾಗಲಾ ಹಾಕ್ಕೊಂಡು ಕುಂತದ" ಅಂದರು. ನೀಲಕ್ಕ ಮತ್ತೆ ಅಷ್ಟೇ: ಒಗರು, ಹುಳಿ. ಮಾಮಾ ಎದ್ದು ಹಿತ್ತಿಲಿಗೆ ಹೋದರು. ಕಬ್ಬಿನ ಬೀಜ ಯಾವಾಗ ತರುವುದೆಂದು ತಮ್ಮನ ಫೋನು ಅಂದೇ ಬಂದಿತ್ತು.

ಅಂದು ಇನ್ನೊಂದು ಸಂಗತಿ ನಡೆಯಿತು. ಮೂಗು ದಣಿದಿದ್ದರೆ ತಾಜಾ ಆಗಲೆಂದು ಖಲೀಲ್ ಸಾಹೇಬರು ಜೇಬಿನಿಂದ ಒಂದು ಅತ್ತರಿನ ಶೀಶೆ ತೆಗೆದು ನೀಲಕ್ಕನಿಗೆ ಕೊಟ್ಟರು. ಅವಳು ಮೂಸಿ, "ಗುಲಾಬಿ ಭಾಳ ಚಲೋ ಅದ ಸಾಹೇಬ್ರ" ಎಂದು ಮರಳಿಸಿದಳು. ಅವರು ಅದನ್ನು ಜೇಬಿಗಿಟ್ಟುಕೊಂಡರು. ಕಾರು ರಾಜೇಶ್ವರ ದಾಟಿದ ಮೇಲೆ ಮೆಲ್ಲಗೆ ಹೇಳಿದರು. "ಭಾಯಿ, ಅದು ಗುಲಾಬ್ ಅಲ್ಲ. ಖಸ್ ಅತ್ತರ್ ಅದ, ಲಾವಂಚದ್ದು. ಸಣ್ಣ ಕೂಸಿಗೂ ಗೊತ್ತಾಗ್ತದ. ಅಕ್ಕಾವರಿಗೆ ವಾಸನಿನೇ ಬರಂಗಿಲ್ಲ ಅಂತ ಕಾಣ್ತದ."

ನಾನು ನಂಬಲಿಲ್ಲ. ಆದರೆ ಮುಂದಿನ ರವಿವಾರದವರೆಗೆ ಕಾಯಲೂ ಆಗದೆ ಅಂಗಡಿ ಮುಚ್ಚಿ ಬಸ್ಸು ಹತ್ತಿದೆ. ನೀಲಕ್ಕ ಒಬ್ಬಳೇ ಕೂತು ಮೆಂತ್ಯೆ ಸೊಪ್ಪು ಬಿಡಿಸುತ್ತಿದ್ದಳು. ಮಾಮಾ ಹೊಲಕ್ಕೆ ಹೋಗಿದ್ದಾರೆ ಅಂದಳು. ನಾನು ಸುತ್ತಿ ಬಳಸದೆ ಕೇಳಿದೆ. ಅವಳು ಸೊಪ್ಪು ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಚಳಿಗಾಲದಾಗ ಜ್ವರ ಬಂದಿತ್ತಲ್ಲ, ಅವತ್ತಿಂದ ಇಲ್ಲ. ಹುಳಿ ಗೊತ್ತಾಗ್ತದ, ಉಪ್ಪು ಗೊತ್ತಾಗ್ತದ. ಬ್ಯಾರೆ ಏನೂ ಇಲ್ಲ. ಈ ಮೆಂತ್ಯಾ ಸೊಪ್ಪು ಮುಂದ ಅದ, ಕಾಗದ ಹರದಂಗ ಆಗ್ತದ."

"ಮಾಮಾಗ ಹೇಳಿಯೇನು?"

"ಹ್ಯಾಂಗ ಹೇಳ್ಲಿ? ತ್ವಾಟ ತಂದು ನನ್ನ ನಾಲಗಿ ಮ್ಯಾಲ ಇಟ್ಟಾರ. ಗೊತ್ತಿಲ್ಲದ್ದಕ್ಕ ಚಲೋ ಅದ ಅಂತ ನಾ ಎಂದೂ ಅಂದಾಕಿ ಅಲ್ಲ. ಚಲೋ ಇಲ್ಲ ಅಂತನೂ ಹ್ಯಾಂಗ ಅನ್ಲಿ. ಅದಕ್ಕ ನಿಮ್ಮಿಬ್ಬರನ್ನ ಕರಸಿದೆ. ನೀ ನೋಡಿದ್ರ ಹೋದ ಸಲದ್ದು ಮರ್ತೆ ಅಂತಿ."

ಆಗ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಮಾಮಾ ಹೊಲದಿಂದ ಬಂದು ಅಲ್ಲೇ ನಿಂತಿದ್ದರು. "ನನಗ ಗೊತ್ತದ" ಅಂದರು. "ಯುಗಾದಿ ಹಿಂದ ಒಗ್ಗರಣಿ ಹೊತ್ತಿ ಮನಿ ತುಂಬ ಹೊಗಿ ಆದ್ರೂ ನೀ ಅಲ್ಲೇ ಕುಂತಿದ್ದಿ. ಅವತ್ತೇ ಗೊತ್ತಾಯ್ತು."

ನೀಲಕ್ಕನ ಕೈ ನಿಂತಿತು. "ಗೊತ್ತಿದ್ದೂ ನನ್ನ ಮ್ಯಾಲ ಯಾಕ ಹಾಕಿದ್ರಿ?"

ಮಾಮಾ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡರು. "ವಾಸನಿ ಬರ್ಲಿ ಬಿಡ್ಲಿ, ಬ್ಯಾರೆ ಯಾರ ಮಾತು ಕೇಳ್ಲಿ ನಾ?"

ನಾನು ಸೊಪ್ಪಿನ ಕಡ್ಡಿಗಳನ್ನು ಆರಿಸುವುದರಲ್ಲಿ ತುಂಬ ಆಸಕ್ತಿ ತೋರಿಸಬೇಕಾಯಿತು. ನೀಲಕ್ಕ ಅಳುವವಳಲ್ಲ. "ಚಾ ಮಾಡ್ತೇನಿ" ಎಂದು ಎದ್ದು ಒಳಗೆ ಹೋದಳು. ಆ ಚಹಾದಲ್ಲಿ ಶುಂಠಿ ಎಷ್ಟಿತ್ತೆಂದರೆ ನನ್ನ ಕಿವಿ ಬಿಸಿಯಾಯಿತು. ನಾನೂ ಮಾಮಾನೂ ತುಟಿ ಪಿಟ್ಟೆನ್ನದೆ ಕುಡಿದೆವು.

ಆಮೇಲೆ ಕಿವಿ ಮೂಗು ಗಂಟಲಿನ ಡಾಕ್ಟರಿಗೆ ತೋರಿಸಿದರು. ದಿನಾಲು ಬೆಳಿಗ್ಗೆ ಸಂಜೆ ಕೆಲವು ಗಾಢವಾದ ವಾಸನೆಗಳನ್ನು, ಅವೇ ಅವನ್ನೇ, ಮನಸ್ಸಿಟ್ಟು ಮೂಸಬೇಕು, ಎಷ್ಟೋ ಜನರಿಗೆ ಮೆಲ್ಲಗೆ ಮರಳುತ್ತದೆ, ಖಾತ್ರಿ ಹೇಳಲಾಗದು ಎಂದರಂತೆ. ಇದನ್ನು ಕೇಳಿ ಖಲೀಲ್ ಸಾಹೇಬರು ಗುಲಾಬಿ, ಖಸ್, ಲವಂಗದೆಣ್ಣೆ, ನಿಂಬೆಯ ಶೀಶೆಗಳನ್ನು ಒಂದು ಡಬ್ಬಿಯಲ್ಲಿ ಜೋಡಿಸಿ ತಂದರು. ನೀಲಕ್ಕ ನಿತ್ಯ ಕಣ್ಣುಮುಚ್ಚಿ ಮೂಸತೊಡಗಿದಳು. ಇಷ್ಟು ವರ್ಷ ಎಲ್ಲವನ್ನೂ ಪರೀಕ್ಷಿಸಿದವಳು ಈಗ ತನ್ನನ್ನೇ ಪರೀಕ್ಷೆಗೆ ಇಟ್ಟುಕೊಂಡಿದ್ದಳು, ಫಲಿತಾಂಶದಲ್ಲಿ ರಿಯಾಯಿತಿಯಂತೂ ಇಲ್ಲ. ಫೋನು ಮಾಡಿ ಕೇಳಿದರೆ "ಏನೂ ಇಲ್ಲ" ಎಂದು ಇಡುತ್ತಿದ್ದಳು. ಶ್ರಾವಣದ ಕೊನೆಗೆ ಒಂದು ದಿನ ತಾನೇ ಫೋನು ಮಾಡಿ, "ಲವಂಗ ದೂರಿಂದ ಬಂದಂಗ ಆಯ್ತು, ಖರೇನೋ ಸುಳ್ಳೋ ಗೊತ್ತಿಲ್ಲ" ಅಂದಳು.

ಈ ನಡುವೆ ಬಾಟಲಿಗಳೂ ತಮ್ಮ ಪಾಡಿಗೆ ತಾವು ಬದಲಾಗುತ್ತಿದ್ದವು. ಶ್ರಾವಣ ಕಳೆದು ತೆಗೆದದ್ದರಲ್ಲಿ ಒಗರು ಹಲ್ಲು ಬಿಟ್ಟು ವಸಡಿಗೆ ಸರಿದಿತ್ತು. ಖಲೀಲ್ ಸಾಹೇಬರು ಬಾಗಿಲು ಸ್ವಲ್ಪ ತೆರೆದಿದೆ ಅಂದರು. ನಾನು ನೇರಳೆ ಹಣ್ಣು ಅಂದೆ. ಅವರು ಗುಲಾಬ್ ಅಂದರು. ಇಬ್ಬರೂ ಸೇರಿ ಎಷ್ಟೋ ಹೊತ್ತು ವಾದಿಸಿದೆವು. ನಾನು ಬೋಗುಣಿಗೆ ಉಗುಳಿದೆನೋ ನುಂಗಿದೆನೋ ಎಂದು ನೀವು ಕೇಳಬಾರದು.

ದಸರೆಗೆ ಮುಂಚಿನ ರವಿವಾರ ಮಾಮಾನ ತಮ್ಮನೂ ಬಂದಿದ್ದ. ಬಳ್ಳಿ ಕೀಳಲು ಜೆಸಿಬಿಯವನಿಗೆ ಹೇಳಿಟ್ಟೇ ಬಂದಿದ್ದ. ನೀಲಕ್ಕ ಲೋಟ ಎತ್ತಿ ಬೆಳಕಿಗೆ ಹಿಡಿದಳು. ನೇರಳೆ ಹೋಗಿ ದಾಳಿಂಬೆ ಕಾಳಿನ ಕೆಂಪು ಬಂದಿತ್ತು. ಮೂಗಿನ ಹತ್ತಿರ ತಂದು ಕಣ್ಣು ಮುಚ್ಚಿದಳು. ಬಹಳ ಹೊತ್ತಾಯಿತು. ಆಮೇಲೆ ಹುಬ್ಬು ಗಂಟಿಕ್ಕಿ, "ಕರೀ ಮೆಣಸು" ಅಂದಳು.

ಖಲೀಲ್ ಸಾಹೇಬರು ಲೋಟ ಇಸಿದುಕೊಂಡು ಮೂಸಿ, ತಾವು ಇಷ್ಟು ತಿಂಗಳು ಗುಲಾಬಿಯ ಬೆನ್ನು ಹತ್ತಿ ಅದನ್ನು ಗಮನಿಸಿಯೇ ಇರಲಿಲ್ಲವೆಂದು ತಲೆದೂಗಿದರು. ನಾನೂ ಮೂಸಿದೆ. ಮೆಣಸು ಇತ್ತು. ನೀಲಕ್ಕ ಗುಟುಕು ಬಾಯಿಗೆ ಹಾಕಿಕೊಂಡಳು, ಆಡಿಸಿದಳು, ಈ ಸಲ ಉಗುಳಲಿಲ್ಲ.

"ಏನ್ ಅತ್ತಿಗಿ, ಚಲೋ ಅದನೋ ಇಲ್ಲೋ?" ಎಂದ ಮೈದುನ.

"ಇಲ್ಲ," ಅಂದಳು. ಮಾಮಾ ತಲೆ ತಗ್ಗಿಸಿದರು. "ಇನ್ನಾ ಚಲೋ ಆಗಿಲ್ಲ. ಆಗಾಕತ್ತದ. ಆಗಾಕತ್ತಿದ್ದನ್ನ ನಡುವೆ ಯಾರರೇ ಕೀಳ್ತಾರೇನು? ಮುಂದಿನ ವರ್ಷದ್ದೂ ನೋಡಬೇಕು, ಅದರ ಮುಂದಿನ ವರ್ಷದ್ದೂ ನೋಡಬೇಕು." ಮಾಮಾ ಎದ್ದರು. ಬಳ್ಳಿ ಸವರುವ ಕತ್ತರಿ ಎಲ್ಲಿಟ್ಟಿದ್ದಿ ಎಂದು ಅವಳನ್ನು ಕೇಳಿದರು. ಅದಕ್ಕಿಂತ ಹೆಚ್ಚಿನ ಸಂತೋಷವನ್ನು ಅವರ ಬಾಯಲ್ಲಿ ನಾನು ಕೇಳಿಲ್ಲ.

ಈಗ ಎರಡನೆಯ ಬೆಳೆಯ ಬಾಟಲಿಗಳು ಬಂದಿವೆ. ಮಾಮಾನ ಮೊಣಕಾಲು ನೋವಿನ ಸಲುವಾಗಿ ಅವರ ತಮ್ಮನೇ ಅರ್ಧ ಬಳ್ಳಿ ಸವರಿಕೊಟ್ಟ, ಗೊಣಗುತ್ತಲೇ. ಈ ವರ್ಷದ್ದೂ ಒಗರು, ಶಾಯಿ, ಬಣ್ಣದ ಕಿಟಕಿ. ನಾನು ಈಗ ಮುಖ ಕಿವಿಚುವುದಿಲ್ಲ, ತಿಂಗಳೆರಡು ತಿಂಗಳು ಬಿಟ್ಟು ಕೇಳು ಅಕ್ಕಾ ಎನ್ನುತ್ತೇನೆ. ಅಂಗಡಿಯಲ್ಲಿ ತಡವರಿಸುವ ಗಿರಾಕಿಗೂ, ಅವಸರವಿಲ್ಲ, ಇನ್ನೊಮ್ಮೆ ನೋಡ್ರಿ ಎಂದು ಹೇಳುವುದನ್ನು ಕಲಿತಿದ್ದೇನೆ. ನೀಲಕ್ಕನ ಮೂಗು ಪೂರ್ತಿ ಮರಳಿಲ್ಲ. ಕೆಲವು ದಿನ ಬರುತ್ತದೆ, ಕೆಲವು ದಿನ ಇಲ್ಲ. ಗುಲಾಬಿಯಂತೂ ಇನ್ನೂ ಬಂದಿಲ್ಲ, ಖಲೀಲ್ ಸಾಹೇಬರಿಗೆ ಅದೊಂದೇ ಕೊರಗು.

ಮೊನ್ನೆ ರವಿವಾರ ನಾವು ಹೊರಡುವ ಹೊತ್ತಿಗೆ ಮಾಮಾ ಹೊಲದಿಂದ ಬಂದರು. ಮಳೆ ಬಿಟ್ಟು ಬಿಸಿಲು ಬಿದ್ದ ದಿನ, ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ನೀರಿನ ತಂಬಿಗೆ ಕೊಡಲು ಹತ್ತಿರ ಹೋದ ನೀಲಕ್ಕ ಥಟ್ಟನೆ ನಿಂತು, ಸೆರಗನ್ನು ಮೂಗಿಗೆ ಹಿಡಿದಳು. "ಮೊದಲ ಸ್ನಾನ ಮಾಡ್ರಿ. ಎಂಥಾ ವಾಸನಿ ಬರಾಕತ್ತದ."

ಮಾಮಾ ಅವಳನ್ನು ನೋಡಿದರು. ಆಮೇಲೆ ಸ್ನಾನಕ್ಕೆ ಹೋಗಲಿಲ್ಲ. ತಂಬಿಗೆ ಇಸಿದುಕೊಂಡು, ಕುರ್ಚಿಯನ್ನು ಅವಳ ಪಕ್ಕಕ್ಕೆ ಎಳೆದುಕೊಂಡು, ಆರಾಮಾಗಿ ಕೂತರು.