ಚುಕ್ಕಿ ಇಡದ ವರ್ತುಲ

ನನಗೊಂದು ಕೆಟ್ಟ ಚಾಳಿ ಇದೆ. ಯಾರು ಯಾವ ದೊಡ್ಡ ವಿಚಾರ ತೆಗೆದರೂ, ಅವರ ಮಾತು ಅರ್ಧವಾಗುವುದರೊಳಗೆ ‘ಇದು ನಮ್ಮಲ್ಲೂ ಇದೆ’ ಎಂದುಬಿಡುತ್ತೇನೆ. ಮೈಸೂರಿನವನಾದ ನನಗೆ, ಜಗತ್ತಿನ ತತ್ತ್ವಗಳೆಲ್ಲ ನಮ್ಮ ಅಗ್ರಹಾರದ ಜಗಲಿಯಿಂದಲೇ ಹೊರಟವು ಎಂಬ ಗುಮಾನಿ.

ತೊಂಬತ್ತರ ದಶಕದಲ್ಲಿ ನಾವು ಅಮೆರಿಕದ ರಾಕ್‌ವಿಲ್‌ನ ಅಪಾರ್ಟ್‌ಮೆಂಟಿನಲ್ಲಿದ್ದಾಗ ಎದುರು ಮನೆಯಲ್ಲಿ ಲಿನ್ ಎಂಬ ನಿವೃತ್ತ ಚೀನೀ ಮೇಷ್ಟರಿದ್ದರು. ಒಂದು ಸಂಜೆ ನಮ್ಮ ಮನೆಯ ಕಾಫಿ ಕುಡಿಯುತ್ತಾ, ಪೇಪರ್ ನ್ಯಾಪ್ಕಿನ್ನಿನ ಮೇಲೆ ವರ್ತುಲ ಬರೆದು, ನಡುವೆ ಬಳುಕುವ ಗೆರೆ ಎಳೆದು, ಅರ್ಧಕ್ಕೆ ಕಪ್ಪು ತುಂಬಿದರು. ಕಪ್ಪು ಯಿನ್: ನೆರಳು, ತಂಪು, ಸುಮ್ಮನಿದ್ದು ಬರಮಾಡಿಕೊಳ್ಳುವುದು. ಬಿಳಿ ಯಾಂಗ್: ಬಿಸಿಲು, ಬಿಸಿ, ಮುನ್ನುಗ್ಗುವುದು. ಒಂದು ಇನ್ನೊಂದರ ಶತ್ರುವಲ್ಲ, ಮುಖ್ಯವಾದದ್ದು ಇನ್ನೂ ಬಾಕಿ ಇದೆ ಎಂದು ಮತ್ತೆ ಪೆನ್ನು ಎತ್ತಿದರು. ನಾನು ಬಿಡಬೇಕಲ್ಲ. ಅರ್ಧನಾರೀಶ್ವರನಿಂದ ಹಿಡಿದು ಪ್ರಕೃತಿ-ಪುರುಷರವರೆಗೆ ಮುಕ್ಕಾಲು ಗಂಟೆ ಕೊರೆದೆ. ಮೇಷ್ಟರು ನಗುತ್ತಲೇ ಪೆನ್ನನ್ನು ಜೇಬಿಗಿಟ್ಟುಕೊಂಡರು.

ಆ ವರ್ಷದ ಯುಗಾದಿಗೆ ಅವರು ಬಂದಾಗ ಬೇವು-ಬೆಲ್ಲದ ಅರ್ಥ ವಿವರಿಸಿ, ಬಟ್ಟಲಲ್ಲಿ ಬರೀ ಬೆಲ್ಲ ಕೊಟ್ಟೆ. ಕಹಿ ಎಲ್ಲಿ ಎಂದು ಕೇಳಿದರು. ಮೇರಿಲ್ಯಾಂಡಿನಲ್ಲಿ ಬೇವು ಎಲ್ಲಿಂದ ತರಲಿ, ಸಿಹಿಯೊಂದಿದ್ದರೆ ಸಾಕು ಎಂದು ನಕ್ಕೆ. ಅವರು ನಗಲಿಲ್ಲ. ತಮ್ಮ ಹೆಂಡತಿಯ ಆಸ್ಪತ್ರೆಯ ರಿಪೋರ್ಟ್ ಬಂದಿದೆ ಎಂದು ಶುರುಮಾಡಿದರು. ಹಬ್ಬದ ದಿನ ಆ ಮಾತೇಕೆ ಎನಿಸಿತು ನನಗೆ. ಎಲ್ಲ ಸರಿಹೋಗುತ್ತದೆ ಬಿಡಿ ಎಂದು ಇನ್ನೊಂದು ಚೂರು ಬೆಲ್ಲ ಕೈಗಿತ್ತೆ.

ಅವರು ಹೋದ ಮೇಲೆ ನನ್ನ ಹೆಂಡತಿ, “ಅವರೇನೋ ಹೇಳ್ಕೊಳ್ಳೋಕೆ ಬಂದಿದ್ರು ಕಣ್ರೀ. ನೀವು ಕೇಳಿಸ್ಕೊಳ್ಳಲೇ ಇಲ್ಲ,” ಎಂದಳು. ನಾಳೆ ವಿಚಾರಿಸಿದರಾಯಿತು ಎಂದುಕೊಂಡೆ. ಆ ನಾಳೆ ಆಫೀಸಿನ ಡೆಡ್‌ಲೈನುಗಳಲ್ಲಿ ಕಳೆದುಹೋಯಿತು. ಬೇಸಿಗೆ ಬರುವಷ್ಟರಲ್ಲಿ ಮೇಷ್ಟರ ಹೆಂಡತಿ ತೀರಿಕೊಂಡರು; ಮೇಷ್ಟರು ಅಟ್ಲಾಂಟಾದ ಮಗಳ ಮನೆಗೆ ಹೊರಟರು. ಹೋಗುವಾಗಲೂ ನನ್ನ ಕೈ ಹಿಡಿದು ನಮ್ಮ ಕಾಫಿಯನ್ನು ಹೊಗಳಿದರೇ ಹೊರತು ಒಂದು ಕಹಿ ಮಾತಾಡಲಿಲ್ಲ. ಅದೇ ಇವತ್ತಿಗೂ ಚುಚ್ಚುತ್ತದೆ.

ಆ ವರ್ತುಲದ ಕಪ್ಪಿನ ಹೊಟ್ಟೆಯಲ್ಲೊಂದು ಬಿಳಿ ಚುಕ್ಕಿ, ಬಿಳಿಯ ಹೊಟ್ಟೆಯಲ್ಲೊಂದು ಕಪ್ಪು ಚುಕ್ಕಿ ಇರಬೇಕೆಂದು ಆಮೇಲೆ ಲೈಬ್ರರಿಯ ಪುಸ್ತಕವೊಂದರಲ್ಲಿ ಓದಿದೆ. ಒಂದರೊಳಗೆ ಇನ್ನೊಂದಕ್ಕೆ ಜಾಗವಿರಬೇಕಂತೆ. ಮೇಷ್ಟರು ಅಂದು ಪೆನ್ನೆತ್ತಿದ್ದು ಅದಕ್ಕೇ. ನ್ಯಾಪ್ಕಿನ್ನು ಇನ್ನೂ ನನ್ನಲ್ಲಿದೆ, ಚುಕ್ಕಿಗಳಿಲ್ಲದೆ. ನಾನೇ ಇಡಬಹುದು, ಕೈ ಏಳುವುದಿಲ್ಲ.

ಬೇವು ಇಲ್ಲಿ ಸಿಗುವುದಿಲ್ಲ ಎಂದೆನಲ್ಲ, ಆ ಯುಗಾದಿಯಂದು ಅದು ತಾನಾಗಿಯೇ ನಮ್ಮ ಬಾಗಿಲಿಗೆ ಬಂದಿತ್ತು. ನಾನೇ ಬೆಲ್ಲ ಕೊಟ್ಟು ಸಾಗಹಾಕಿದೆ.